ಹಿರಿಯರ ಆರೋಗ್ಯ ತಪಾಸಣೆ: ಚೀಟಿ ಬರೆದ ಮೇಲೆ ಏನು?



ನವೆಂಬರ್ ತಿಂಗಳು ಸಕಲ ಮೃತರ ತಿಂಗಳು. ಪೂಜೆಯಲ್ಲಿ ಸ್ಮರಿಸಬೇಕಾದ ಹೆಸರುಗಳ ಪಟ್ಟಿ ಮಾಡಲು ಪ್ರತಿ ವರ್ಷ ಇಗರ್ಜಿಯ ಮರಣ ದಾಖಲೆಯ ಪುಸ್ತಕವನ್ನು ತೆಗೆದು ಕುಳಿತುಕೊಳ್ಳುತ್ತೇನೆ. ಹೆಸರು, ಪ್ರಾಯ, ವಾಡೊ, ಮಣ್ಣು ಮಾಡಿದ ದಿನ, ರೋಗಿಗಳ ಅಭ್ಯಂಗ ದೊರೆತಿದೆಯೇ ಇಲ್ಲವೇ, ಕೊನೆಯಲ್ಲಿ ಮರಣದ ಕಾರಣ. ಇಷ್ಟು ವರ್ಷ ಹೆಸರುಗಳನ್ನು ಮಾತ್ರ ಓದುತ್ತಿದ್ದೆ. ಈ ಸಲ ಕೊನೆಯ ಕಾಲಮನ್ನೂ ಓದಿದೆ. ಅರುವತ್ತು ದಾಟಿದವರ ಹೆಸರಿನ ಮುಂದೆ ಪುಟದಿಂದ ಪುಟಕ್ಕೆ ಒಂದೇ ಮಾತು: ವೃದ್ಧಾಪ್ಯ. ನಡುನಡುವೆ 'ಹೃದಯಾಘಾತ', ಕೆಲವು ಕಡೆ ಬರೇ 'ಅಸೌಖ್ಯ'. ಇತ್ತೀಚಿನ ಪುಟಗಳ ಕೈಬರಹ ನನ್ನದೇ. ಅರುವತ್ತೆರಡು ಪ್ರಾಯದ ಒಬ್ಬರು, ಸಾಯುವ ಹಿಂದಿನ ದಿನ ಸಂಜೆಯ ತನಕ ತೋಟಕ್ಕೆ ನೀರು ಬಿಟ್ಟವರು. ಅವರ ಮುಂದೆಯೂ ನಾನು ವೃದ್ಧಾಪ್ಯ ಎಂದೇ ಬರೆದಿದ್ದೇನೆ. ಮನೆಯವರು ಹಾಗೆ ಹೇಳಿದರು, ನಾನು ಹಾಗೆ ಬರೆದೆ.

ಇದು ನಮ್ಮ ಒಂದು ಇಗರ್ಜಿಯ ಕಥೆ ಮಾತ್ರವಲ್ಲ. ನಮ್ಮ ದೇಶದಲ್ಲಿ ಮರಣ ನೋಂದಣಿಗೆ 1969ರಲ್ಲೇ ಕಾನೂನು ಬಂದಿದೆ. ಆದರೂ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಪ್ರಮಾಣೀಕರಿಸಿದವು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದವರು ಯಾವ ಕಾಯಿಲೆಯಿಂದ ಹೋದರು ಎಂದು ತಿಳಿಯಲು ರಿಜಿಸ್ಟ್ರಾರ್ ಜನರಲ್ ಅವರ ಇಲಾಖೆ ಮತ್ತು ವಿಜ್ಞಾನಿಗಳು ಸೇರಿ 2001ರಿಂದ 'ಹತ್ತು ಲಕ್ಷ ಸಾವುಗಳ ಅಧ್ಯಯನ' ಎಂಬ ದೊಡ್ಡ ಕೆಲಸ ನಡೆಸಿದರು. ಅದರ ಕ್ರಮ ನನಗೆ ಬಹಳ ಹಿಡಿಸಿತು. ತರಬೇತಿ ಪಡೆದವರು ಸಾವಾದ ಮನೆಗೆ ಹೋಗಿ ಕುಳಿತು ಕೇಳುತ್ತಿದ್ದರು: ಕೊನೆಯ ದಿನಗಳಲ್ಲಿ ಏನಾಗಿತ್ತು? ಉಸಿರು ಕಟ್ಟುತ್ತಿತ್ತೇ? ಒಂದು ಬದಿಯ ಕೈಕಾಲು ಬಿದ್ದಿತ್ತೇ? ಎದೆ ಹಿಡಿದುಕೊಂಡರೇ? ಮನೆಯವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಣಯಿಸುತ್ತಿದ್ದರು. ಏಳನೆಯ ದಿನದ ಪ್ರಾರ್ಥನೆಗೆ ನಾವು ಗುರುಗಳೂ ಅದೇ ಮನೆಗಳಿಗೆ ಹೋಗುತ್ತೇವೆ, ಅದೇ ಮಾತುಗಳನ್ನು ಕೇಳುತ್ತೇವೆ; ಚಾ ಕುಡಿದು ಬರುತ್ತೇವೆ.

ಹಾಗೆ ಕೇಳಿದಾಗ ವೃದ್ಧಾಪ್ಯ ಎಂಬ ಪದದ ಹಿಂದಿನಿಂದ ಹೊರಬರುವ ಹೆಸರುಗಳು ಹೆಚ್ಚಿಲ್ಲ. ಹೃದಯದ ಕಾಯಿಲೆ, ಪಾರ್ಶ್ವವಾಯು, ಬಹುಕಾಲದ ದಮ್ಮು, ಸಕ್ಕರೆ ಕಾಯಿಲೆ ಮತ್ತು ಅದರಿಂದ ಕೆಟ್ಟ ಮೂತ್ರಪಿಂಡ, ಕ್ಯಾನ್ಸರ್, ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಬರುವ ನ್ಯುಮೋನಿಯಾ. ಕೆಲವರು ನಿಜವಾಗಿಯೂ ಹಣ್ಣು ಮಾಗಿ ಉದುರುವಂತೆ ಹೋಗುತ್ತಾರೆ. ಅದು ದೇವರ ಕೃಪೆ. ಆದರೆ ಅರುವತ್ತೆರಡು ಮಾಗುವ ಪ್ರಾಯವಲ್ಲ. ಈ ಕಾಯಿಲೆಗಳಲ್ಲಿ ಹೆಚ್ಚಿನವು ಬಾಗಿಲು ತಟ್ಟುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಅಂಗಳಕ್ಕೆ ಬಂದು ನಿಂತಿರುತ್ತವೆ. ಅಂಗಳದಲ್ಲಿರುವಾಗ ಗುರುತಿಸುವುದೇ ತಪಾಸಣೆಯ ಉದ್ದೇಶ.

ಈಗ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯವರ ಸಹಕಾರದಿಂದ ನಮ್ಮ ಸಭಾಭವನದಲ್ಲಿ ಉಚಿತ ತಪಾಸಣಾ ಶಿಬಿರ ಮಾಡಿದೆವು. ಜನ ತುಂಬಿದ್ದರು. ಯುವಕರು ಕುರ್ಚಿ ಹಾಕಿದರು, ಸ್ತ್ರೀ ಸಂಘಟನೆಯವರು ಅವಲಕ್ಕಿ, ಚಾ ಕೊಟ್ಟರು. ಮುಂದಿನ ಸಂಚಿಕೆಯಲ್ಲಿ ಫೋಟೋ ಸಹಿತ 'ಶಿಬಿರ ಯಶಸ್ವಿ' ಎಂದು ಬರೆದವನು ನಾನೇ. ಎಂಟು ತಿಂಗಳ ನಂತರ ಆ ಶಿಬಿರಕ್ಕೆ ಬಂದಿದ್ದ ಒಬ್ಬ ಹಿರಿಯರು ಬೆಳಗ್ಗೆ ಹಟ್ಟಿಯಿಂದ ಬರುವಾಗ ಕುಸಿದರು, ಮೂರನೆಯ ದಿನ ತೀರಿಕೊಂಡರು. ಪಾರ್ಶ್ವವಾಯು. ಮನೆಗೆ ಹೋದಾಗ ಸೊಸೆ ಅವರ ಪ್ರಾರ್ಥನಾ ಪುಸ್ತಕದ ಒಳಗಿನಿಂದ ಒಂದು ಚೀಟಿ ತೆಗೆದು, "ಫಾದರ್, ಇದರಲ್ಲಿ ಏನು ಬರೆದಿದೆ?" ಎಂದು ಕೇಳಿದಳು. ನಮ್ಮ ಶಿಬಿರದ ಚೀಟಿ. 190/110 ಎಂದು ಇಂಗ್ಲಿಷಿನಲ್ಲಿ ಗೀಚಿತ್ತು. ಕೆಳಗೆ ಬೇಗನೆ ವೈದ್ಯರನ್ನು ಕಾಣಬೇಕೆಂಬ ಸೂಚನೆ ಮಲಯಾಳದಲ್ಲಿ ಅಚ್ಚಾಗಿತ್ತು. ಆ ಹಿರಿಯರು ಕನ್ನಡ ಶಾಲೆಯಲ್ಲಿ ಓದಿದವರು. ಫಾದರ್ ಕೊಡಿಸಿದ ಕಾಗದ ಎಂದು ಜೋಪಾನವಾಗಿ ಇಟ್ಟುಕೊಂಡಿದ್ದರು.

ಅವರ ಕಾಯಿಲೆ ನಮಗೆ ಗೊತ್ತಾಗಿತ್ತು. ನಾವು ಅಳೆದೆವು, ಬರೆದೆವು, ಕಳುಹಿಸಿಕೊಟ್ಟೆವು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡೆವು.

ನಮ್ಮ ಕಾಸರಗೋಡು ಜಿಲ್ಲೆಗೆ ಶಿಬಿರಗಳು ಹೊಸದಲ್ಲ. ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಮೇಲೆ, ಬಾಧಿತರ ಪಟ್ಟಿ ಮಾಡಲು ಎಷ್ಟೋ ವೈದ್ಯಕೀಯ ಶಿಬಿರಗಳಾದವು. ಹೀಗಾಗಿ ಶಿಬಿರ ಎಂದರೆ ಹೆಸರು ಬರೆಸುವುದು, ಕಾಗದ ಪಡೆಯುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ರೆಶರ್ ನೋಡುವ ಶಿಬಿರದ ಕಾಗದದಿಂದ ಪಿಂಚಣಿ ಬರುವುದಿಲ್ಲ. ಅದನ್ನು ಹಿಡಿದುಕೊಂಡು ಇನ್ನೊಂದು ಕಡೆಗೆ ನಡೆಯಬೇಕು.

ಬರೇ ತಪಾಸಣೆಯಿಂದ ಆಯುಷ್ಯ ಹೆಚ್ಚುವುದಿಲ್ಲ ಎಂಬುದಕ್ಕೆ ಒಳ್ಳೆಯ ಆಧಾರವೂ ಇದೆ. 2019ರಲ್ಲಿ ಕೊಕ್ರೇನ್ ಸಂಸ್ಥೆಯವರು 17 ಅಧ್ಯಯನಗಳನ್ನು, ಎರಡೂವರೆ ಲಕ್ಷದಷ್ಟು ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಆರೋಗ್ಯವಾಗಿ ಕಾಣುವ ವಯಸ್ಕರನ್ನು ಕರೆದು ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸುವುದರಿಂದ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ 'ಇಡೀ ದೇಹದ ಪರೀಕ್ಷೆ, ಅರ್ಧ ಬೆಲೆಗೆ' ಎಂಬ ಜಾಹೀರಾತು ನೋಡಿ ಅಡಿಕೆ ಮಾರಿದ ಹಣ ಹಿಡಿದುಕೊಂಡು ಓಡಬೇಡಿರಿ. ಅಪ್ಪನಿಗೆ ಉಡುಗೊರೆಯಾಗಿ ಗಲ್ಫಿನಿಂದ ಅಂಥ ಪ್ಯಾಕೇಜಿಗೆ ಹಣ ಕಳುಹಿಸುವ ಮಕ್ಕಳೂ ಇದನ್ನು ಓದಲಿ. ಹಿರಿಯರಿಗೆ ಬೇಕಾದುದು ಕೆಲವೇ ಪರೀಕ್ಷೆಗಳು. ಅವು ಅಗ್ಗ. ದುಬಾರಿಯಾದದ್ದು ಆಮೇಲಿನ ತಾಳ್ಮೆ.

ಮೊದಲನೆಯದು ರಕ್ತದೊತ್ತಡ. ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಗುಡ್ಡ ಹತ್ತಿ ಬಂದ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅದು ಕಾಯಿಲೆ. 180/120 ದಾಟಿದ್ದು, ಎದೆನೋವು, ಉಸಿರುಗಟ್ಟು, ಮಾತು ತೊದಲು ಇದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ. ಅಂಥ ತೊಂದರೆ ಇಲ್ಲದಿದ್ದರೂ ಅದೇ ದಿನ ವೈದ್ಯರಿಗೆ ಹೇಳಬೇಕು. ತಲೆನೋವು, ತಲೆ ತಿರುಗುವುದು ಏನೂ ಇಲ್ಲವಲ್ಲ ಎನ್ನುತ್ತೀರಿ. ಹೆಚ್ಚಿನವರಿಗೆ ಏನೂ ಇರುವುದಿಲ್ಲ, ಮೋಸ ಹೋಗುವುದೇ ಅಲ್ಲಿ. ಮೇಲಿನ ಅಂಕೆಯನ್ನು ಬರೇ 10ರಷ್ಟು ಇಳಿಸಿದರೆ ಪಾರ್ಶ್ವವಾಯು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

"ಒಂದು ತಿಂಗಳು ಮಾತ್ರೆ ತಿಂದೆ ಫಾದರ್, ಸರಿಯಾಯಿತು, ಬಿಟ್ಟೆ" ಎನ್ನುವವರು ಪ್ರತಿ ವಾಡೊದಲ್ಲಿಯೂ ಇದ್ದಾರೆ. ಅವರಲ್ಲಿ ನಾನು ಕೇಳುವುದು ಇಷ್ಟೇ: ನೀವು ಅಡಿಕೆಗೆ ಮದ್ದು ಬಿಡುವುದು ಯಾವಾಗ? ಮಳೆ ಹಿಡಿಯುವ ಮೊದಲು. ಆಗ ತೋಟದಲ್ಲಿ ಕೊಳೆರೋಗ ಇರುತ್ತದೆಯೇ? ಇಲ್ಲ. ಮೈಲುತುತ್ತು, ಸುಣ್ಣ ಅಳೆದು ಕಲಸಿ, ಗೊನೆಗೆ ಗೊನೆಗೆ ತಾಗುವಂತೆ ಬಿಟ್ಟು, ನಲುವತ್ತು ನಲುವತ್ತೈದು ದಿನವಾದ ಮೇಲೆ ಪುನಃ ಬಿಡುತ್ತೀರಿ. ಮೊದಲ ಸಲ ಬಿಟ್ಟ ಮೇಲೆ ಒಂದು ಕಾಯಿಯೂ ಉದುರಲಿಲ್ಲ, ಇನ್ನು ಬೇಡ ಎಂದು ಬುದ್ಧಿ ಇರುವ ಯಾವ ಕೃಷಿಕನೂ ಹೇಳುವುದಿಲ್ಲ. ಉದುರದೆ ಇದ್ದದ್ದೇ ಮದ್ದು ಬಿಟ್ಟ ಕಾರಣಕ್ಕೆ. ಪ್ರೆಶರಿನ ಮಾತ್ರೆಯೂ ಹಾಗೆಯೇ. ಇಳಿದದ್ದು ಮಾತ್ರೆಯಿಂದ, ಬಿಟ್ಟರೆ ಏರುತ್ತದೆ. ಬದಲಾಯಿಸಬೇಕೋ ಕಡಿಮೆ ಮಾಡಬೇಕೋ ಎಂಬುದನ್ನು ವೈದ್ಯರು ಹೇಳಲಿ.

ನಮ್ಮ ಕೇರಳದಲ್ಲಿ ಆಸ್ಪತ್ರೆ ಹತ್ತಿರ, ಓದು ಹೆಚ್ಚು ಎಂದು ಹೆಮ್ಮೆಪಡುತ್ತೇವೆ. 2016-17ರಲ್ಲಿ ರಾಜ್ಯದ ಹನ್ನೆರಡು ಸಾವಿರ ಜನರನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಎಂಬಷ್ಟು ರಕ್ತದೊತ್ತಡವಿತ್ತು; ಇದ್ದವರ ಪೈಕಿ ಹತೋಟಿಯಲ್ಲಿದ್ದುದು ನೂರಕ್ಕೆ ಸುಮಾರು 12 ಮಂದಿಗೆ ಮಾತ್ರ. ಇದಕ್ಕೆ ಎದುರಾಗಿ ಚೀನಾ ದೇಶದ ಹಳ್ಳಿಗಳ ಒಂದು ಪ್ರಯೋಗ 2023ರಲ್ಲಿ ಪ್ರಕಟವಾಯಿತು. 326 ಹಳ್ಳಿಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳಲ್ಲಿ, ದೊಡ್ಡ ಪದವಿಯಿಲ್ಲದ ಊರಿನ ಆರೋಗ್ಯ ಕಾರ್ಯಕರ್ತರೇ ಪ್ರೆಶರ್ ಇದ್ದವರನ್ನು ಮತ್ತೆ ಮತ್ತೆ ಕರೆದು ಅಳೆದು, ಮೇಲಿನ ವೈದ್ಯರ ಸಲಹೆಯಂತೆ ಮಾತ್ರೆ ಹೊಂದಿಸುತ್ತ ಬಂದರು. ಮೂರು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಹೃದಯ ಮತ್ತು ಪಾರ್ಶ್ವವಾಯುವಿನ ತೊಂದರೆಗಳು ಮೂರರಲ್ಲಿ ಒಂದು ಭಾಗದಷ್ಟು ಕಡಿಮೆಯಾದವು, ಒಟ್ಟು ಸಾವುಗಳೂ ನೂರಕ್ಕೆ 15ರಷ್ಟು ಕಡಿಮೆ. ಅಲ್ಲಿ ಹೊಸ ಮದ್ದೇನೂ ಇರಲಿಲ್ಲ. ಮತ್ತೆ ಮತ್ತೆ ಕರೆದರು, ಅಷ್ಟೇ.

ಉಪ್ಪಿನ ವಿಷಯ ಹೇಳಿದರೆ ನನಗೂ ಬೇಸರವೇ. ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ಚಟ್ನಿ, ಮಾವಿನ ಮಿಡಿ, ಮಳೆಗಾಲಕ್ಕೆ ಉಪ್ಪುಸೊಳೆ ಇಲ್ಲದಿದ್ದರೆ ಊಟ ಎಂದು ಹೇಗೆ ಹೇಳುವುದು? ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲವನ್ನೂ ಬಿಡಿ ಎನ್ನುವುದಿಲ್ಲ. ಒಂದೇ ಊಟಕ್ಕೆ ಮೂರನ್ನೂ ಬಡಿಸಬೇಡಿರಿ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಾವಾಗಿಯೇ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ತಿನ್ನುವ ಅಭ್ಯಾಸ ಉಪ್ಪಿಗಿಂತಲೂ ಕೆಟ್ಟದು. ಅಂಥ ಹಲವು ಮಾತ್ರೆಗಳು ಪ್ರೆಶರ್ ಏರಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ವೈದ್ಯರ ಬಳಿ ಹೋಗುವಾಗ ಆ ಮಾತ್ರೆಯ ಪಟ್ಟಿಯನ್ನೂ ಕಿಸೆಯಲ್ಲಿ ಹಾಕಿಕೊಂಡು ಹೋಗಿ.

ಸಕ್ಕರೆ ಕಾಯಿಲೆಯ ಬಗ್ಗೆ ಈ ಅಂಕಣದಲ್ಲಿ ಬೇಕಾದಷ್ಟು ಬಂದಿದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ 126 ಅಥವಾ ಮೇಲೆ ಇದ್ದರೆ ಪುನಃ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗ ಮತ್ತು ಮೂತ್ರ ತೋರಿಸಲಿ. ಬರಿಗಾಲಲ್ಲಿ ತೋಟಕ್ಕೆ ಇಳಿಯುವುದನ್ನು ಬಿಟ್ಟು, ರಾತ್ರಿ ಮಲಗುವ ಮೊದಲು ಅಂಗಾಲನ್ನು ಮೊಮ್ಮಕ್ಕಳಿಗೆ ತೋರಿಸಲಿ. ಚುಚ್ಚಿದ ಅಡಿಕೆ ಸಿಪ್ಪೆಯ ನಾರು ನೋವಿಲ್ಲದ ಕಾಲಿಗೆ ಗೊತ್ತಾಗುವುದಿಲ್ಲ.

ಇನ್ನು ಬಾಯಿ. ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತದೆ. ಈ ಇಗರ್ಜಿಯ ಛಾವಣಿ, ಶಾಲೆ, ನಮ್ಮ ಮಕ್ಕಳ ಮದುವೆ, ನನ್ನ ಸೆಮಿನರಿಯ ಓದು ಎಲ್ಲವೂ ಒಂದಲ್ಲ ಒಂದು ಲೆಕ್ಕದಲ್ಲಿ ಅಡಿಕೆಯಿಂದಲೇ ಆದದ್ದು. ಆದರೂ ನಿಜವನ್ನು ಹೇಳಬೇಕು. ಹೊಗೆಸೊಪ್ಪು ಸೇರಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1985ರಲ್ಲೇ ಹೇಳಿತ್ತು. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯೂ, ಬರೇ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಎಂದು 2004ರಲ್ಲಿ ಪ್ರಕಟಿಸಿತು. "ನಮ್ಮ ಅಜ್ಜಿ ತೊಂಬತ್ತರ ತನಕ ಜಗಿದರು" ಎನ್ನುವಿರಿ. ನನ್ನ ಅಜ್ಜಿಯೂ ಜಗಿದವರೇ. ಹತ್ತು ಮಂದಿ ಸಂಕ ದಾಟಿದರು ಎಂದರೆ ಸಂಕ ಗಟ್ಟಿ ಎಂದಾಗುವುದಿಲ್ಲ. ಬೆಳೆಯಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಿದರೆ ಬದಲಿಗೆ ಏನು ಬೆಳೆಯಬೇಕೆಂದು ತೋರಿಸುವ ಶಕ್ತಿಯೂ ಇಲ್ಲ. ಆದರೆ ಬೆಳೆದದ್ದನ್ನು ನಾವೇ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳಬೇಕೆಂದಿಲ್ಲ. ನಾವು ಮಾರಿದ್ದು ಯಾರೋ ಒಬ್ಬರ ದವಡೆಗೇ ಹೋಗುತ್ತದೆ ಎಂಬ ಮಾತು ನನ್ನ ಮನಸ್ಸನ್ನು ಚುಚ್ಚುತ್ತಿರುತ್ತದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬಾಯಿ ನೋಡುವ ತಪಾಸಣೆಗೆ ಯಂತ್ರ ಬೇಡ, ಸೂಜಿ ಬೇಡ. ಒಳ್ಳೆಯ ಬೆಳಕು, ನೋಡಲು ತಿಳಿದ ಕಣ್ಣು ಸಾಕು. ಇದಕ್ಕೆ ಲೋಕಕ್ಕೇ ಆಧಾರ ಒದಗಿಸಿದ್ದು ನಮ್ಮದೇ ರಾಜ್ಯ. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ, 1990ರ ದಶಕದ ಮಧ್ಯದಿಂದ, 35 ದಾಟಿದ ಸುಮಾರು 1 ಲಕ್ಷ 90 ಸಾವಿರ ಜನರನ್ನು ಸೇರಿಸಿ ಒಂದು ಅಧ್ಯಯನ ನಡೆಯಿತು. ಕೆಲವು ಪಂಚಾಯತುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋಗಿ ಮೂರು ವರ್ಷಕ್ಕೊಮ್ಮೆ ಬಾಯಿ ನೋಡಿದರು, ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. 2005ರಲ್ಲಿ ಫಲಿತಾಂಶ ಬಂತು: ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಇಲ್ಲಿಯೂ ನೆನಪಿಡಬೇಕಾದದ್ದು, ಕಳುಹಿಸಿದವರು ಹೋದದ್ದರಿಂದ ಇದು ಸಾಧ್ಯವಾಯಿತು.

ಮನೆಯಲ್ಲಿ ನೀವೇ ನೋಡಬಹುದು. ಬಿಸಿಲಿಗೆ ಮುಖ ಮಾಡಿ ಕನ್ನಡಿ ಹಿಡಿಯಿರಿ. ಹಲ್ಲಿನ ಸೆಟ್ಟು ಇದ್ದರೆ ತೆಗೆಯಿರಿ. ಕೆನ್ನೆಯ ಒಳಭಾಗ, ನಾಲಗೆಯ ಎರಡು ಬದಿ, ನಾಲಗೆಯ ಅಡಿ. ಒರಸಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ (ಇದು ಬಿಳಿಯದಕ್ಕಿಂತ ಅಪಾಯ), ಎರಡು ಮೂರು ವಾರವಾದರೂ ಮಾಗದ ಹುಣ್ಣು, ಕತ್ತಿನಲ್ಲಿ ಗಂಟು. ಸಾರಿನ ಖಾರ ತಡೆಯಲಾಗದ ಉರಿ, ಬಾಯಿಗೆ ಮೂರು ಬೆರಳು ನೇರವಾಗಿ ಹೋಗದಷ್ಟು ಬಿಗಿತ, ಇವು ಅಡಿಕೆಯಿಂದ ಬಾಯಿಯ ಒಳಚರ್ಮ ಗಟ್ಟಿಯಾಗುವ ಕಾಯಿಲೆಯ ಲಕ್ಷಣ. ನೋವಿಲ್ಲ ಎಂದು ಕಾಯಬೇಡಿರಿ. ನೋವು ಬರುವುದು ತಡವಾದ ಮೇಲೆ.

ದಮ್ಮಿಗೆ ಬೀಡಿ ಒಂದೇ ಕಾರಣವಲ್ಲ. ನಲುವತ್ತು ವರ್ಷ ಒದ್ದೆ ಕಟ್ಟಿಗೆಯ ಒಲೆ ಊದಿದ ತಾಯಂದಿರ ಶ್ವಾಸಕೋಶವೂ ಬೀಡಿ ಸೇದಿದವರದ್ದರಂತೆಯೇ ಆಗಿರಬಹುದು. ಬೀಳುವ ವಿಷಯ: ಆಟಿಯ ಮಳೆಗೆ ಪಾಚಿ ಹಿಡಿದ ಅಂಗಳವನ್ನು ಉಜ್ಜಿಸಿ, ಬಚ್ಚಲಿಗೆ ಹೋಗುವ ದಾರಿಗೆ ಮಡಲು ಹಾಸಿ, ರಾತ್ರಿ ಒಂದು ದೀಪ ಉರಿಯಲಿ. ಸೊಂಟ ಮುರಿದ ಅಜ್ಜಿಯನ್ನು ನೋಡಿಕೊಳ್ಳುವುದಕ್ಕಿಂತ ಅಂಗಳ ಉಜ್ಜುವುದು ಸುಲಭ.

ಮುಖದ ಒಂದು ಬದಿ ಜೋತುಬಿದ್ದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಆ ಹೊತ್ತಿನಲ್ಲಿ ಎಣ್ಣೆ ತಿಕ್ಕುತ್ತ ಕೂರುವ ಹಾಗಿಲ್ಲ, ಬಾಯಿಗೆ ನೀರೂ ಹಾಕಬಾರದು. ನಮ್ಮ ಕಡೆಯವರು ಹಿಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ದಾರಿ ಸಿಗದೆ ರೋಗಿಗಳು ತೀರಿಹೋದದ್ದು ನಿಮಗೆ ನೆನಪಿದೆ. ಗಡಿ ಪುನಃ ತೆರೆಯಿತು. ಆದರೆ ಆಂಬುಲೆನ್ಸ್ ನಂಬಿ ಬದುಕುವುದಕ್ಕಿಂತ ಅದು ಬೇಕಾಗದಂತೆ ಬದುಕುವುದು ಗಡಿಯ ಜನರಿಗೆ ಎರಡು ಪಾಲು ಅಗತ್ಯ ಎಂದು ನಾನು ಆಗಲೇ ತಿಳಿದುಕೊಂಡೆ.

"ದೇವರು ಕರೆದಾಗ ಹೋಗುವುದು, ಮಾತ್ರೆ ಯಾಕೆ?" ಎಂದು ಪಾಪನಿವೇದನೆಗೆ ಬಂದ ಹಿರಿಯರು ಹೇಳುವುದುಂಟು. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿಸಿಕೊಳ್ಳಿ. ಅಲ್ಲಿ ಪ್ರಾರ್ಥನೆಗೂ ವೈದ್ಯನಿಗೂ ಜಗಳವಿಲ್ಲ.

ಈ ಸಲದ ತಪಾಸಣೆ ನವೆಂಬರಿನ ಕೊನೆಯ ಆದಿತ್ಯವಾರ ಮೊದಲ ಪೂಜೆಯ ನಂತರ. ಸಕ್ಕರೆ ಪರೀಕ್ಷೆ ಇರುವುದರಿಂದ ಬರಿಹೊಟ್ಟೆಯಲ್ಲಿ ಬನ್ನಿ, ಪರೀಕ್ಷೆ ಮುಗಿದ ಕೂಡಲೇ ಗಂಜಿ ಇದೆ. ಈಗಾಗಲೇ ಸಕ್ಕರೆಯ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಉಪವಾಸ ಬರಬೇಡಿರಿ. ಎಂದಿನಂತೆ ಉಂಡು, ಮದ್ದು ತೆಗೆದುಕೊಂಡು ಬನ್ನಿ. ಚೀಟಿ ಕನ್ನಡದಲ್ಲಿರುತ್ತದೆ. ಎರಡು ಪ್ರತಿ: ಒಂದು ನಿಮಗೆ, ಒಂದು ನಮ್ಮ ಪುಸ್ತಕಕ್ಕೆ. ಬೇರೆ ಯಾರಿಗೂ ತೋರಿಸುವುದಿಲ್ಲ. ಅಂಕೆ ಹೆಚ್ಚು ಬಂದವರ ಮನೆಗೆ ಹದಿನೈದು ದಿನದೊಳಗೆ ಗುರ್ಕಾರರು ಅಥವಾ ನಾನು ಬರುತ್ತೇವೆ, ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದಿರಾ, ಮಾತ್ರೆ ಸಿಕ್ಕಿತೇ ಎಂದು ಕೇಳಲು. ಮಲಯಾಳ ತಿಳಿಯದ ಹಿರಿಯರ ಜೊತೆಗೆ ಹೋಗಲು ಯುವಕರು ಮೂವರು ಒಪ್ಪಿದ್ದಾರೆ, ಇನ್ನೂ ಇಬ್ಬರು ಬೇಕು. ಮೂರು ತಿಂಗಳಿಗೊಮ್ಮೆ ಪುನಃ ಅಳೆಯುತ್ತೇವೆ. ಹಾಸಿಗೆ ಹಿಡಿದವರು, ಗುಡ್ಡದ ಮೇಲಿನ ಮನೆಗಳಿಂದ ಇಳಿದು ಬರಲಾಗದವರು ಇದ್ದರೆ ಶನಿವಾರದ ಒಳಗೆ ತಿಳಿಸಿರಿ. ಯಂತ್ರ ಹಿಡಿದುಕೊಂಡು ನಾವೇ ಹತ್ತಿ ಬರುತ್ತೇವೆ. ಕಳೆದ ಶಿಬಿರದ ಚೀಟಿ ಯಾರ ಪ್ರಾರ್ಥನಾ ಪುಸ್ತಕದಲ್ಲಾದರೂ ಇದ್ದರೆ ಅದನ್ನೂ ತನ್ನಿ.